ಕಿವಿರು ಇದೆಯೋ ಇಲ್ಲವೋ

ಕ್ಯಾಮೆರಾ ಚೀಲ ಮೆಟ್ಟಿಲ ಮೇಲೆ ಉರುಳಿತು. ಹಿಂದೆಯೇ ಒಂದು ಜೊತೆ ಚಪ್ಪಲಿ.

“ಉಂಡ ಮನೆಗೆ ಎರಡು ಬಗೆಯೋನು ನೀನು. ಎತ್ಕೋ, ನಡಿ,” ಎಂದ ಭಾವ.

“ಕಂಡದ್ದನ್ನ ತೆಗೆದೆ ಭಾವ. ಒಂದು ಗೆರೆ ತಿದ್ದಿಲ್ಲ.” ಬಾಮೈದ ಚಪ್ಪಲಿ ಮುಟ್ಟಲಿಲ್ಲ. ಚೀಲ ಬಿಚ್ಚಿ ಲೆನ್ಸು ಒಡೆದಿದೆಯೇ ಎಂದು ನೋಡಿದ.

ಭಾವ ಎಂದರೆ ಈಗ ಊರಿಗೆಲ್ಲ ಭಾವ. ಹಿಂದೆ ಗ್ಯಾರೇಜಿನಲ್ಲಿ ಕಾರಿಗೆ ಬಣ್ಣ ಹೊಡೆಯುತ್ತಿದ್ದವನು, ಈಗ ಮನೆಯ ಮುಂಗೋಣೆಯಲ್ಲಿ ಕೂತು ತನ್ನದೇ ಚಾನೆಲ್‌ನಲ್ಲಿ ಕಾರುಗಳ ಸುದ್ದಿ ಹೇಳುತ್ತಿದ್ದ. ಕ್ಯಾಮೆರಾದ ಹಿಂದೆ ಹೆಂಡತಿಯ ತಮ್ಮ. ಪ್ರತಿ ವಿಡಿಯೊದ ಶುರುವಿನಲ್ಲಿ ಅವನ ದನಿ: “ಹೂಂ, ಹೇಳಿ ಭಾವ.” ಕೇಳಿ ಕೇಳಿ ನೋಡುಗರೂ ಹಾಗೇ ಕರೆಯತೊಡಗಿದ್ದರು.

ಜಗಳ ಒಂದು ಕಾರಿನದು. ಹುಡುಗರಿಂದ ಮುದುಕರವರೆಗೆ ಎಲ್ಲರ ಕನಸಿನ ಆ ಸ್ಪೋರ್ಟ್ಸ್ ಕಾರು ಹೊಸ ರೂಪದಲ್ಲಿ ಬರಲಿತ್ತು. ಛಾವಣಿ ಇನ್ನೂ ತಗ್ಗಂತೆ, ಎಂಜಿನ್ ಸದ್ದೇ ಇರೋದಿಲ್ಲವಂತೆ. ಅಂತೆಕಂತೆಗಳ ಸಂತೆ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕಿವಿರಿನದು. ಬಾಗಿಲ ಹಿಂದೆ, ಪಕ್ಕೆಯಲ್ಲಿ, ಎಂಜಿನ್‌ಗೆ ಗಾಳಿ ಹೋಗಲೆಂದು ಇದ್ದ ಸೀಳು ಅದು. ಮೀನಿನ ಕಿವಿರಿನ ಹಾಗೆ ಕಾಣುವುದರಿಂದ ಆ ಹೆಸರು. ಅಭಿಮಾನಿಗಳಿಗೆ ಅದೇ ಪ್ರಾಣ. ಹೊಸ ಕಾರಿನಲ್ಲಿ ಅದು ಉಳಿಯುತ್ತದೋ, ಹೋಗುತ್ತದೋ?

ಕಂಪನಿಯವರು ಆ ಕಾರನ್ನು ಬಿಸಿಲಲ್ಲಿ ನೋಡಲು ತಮ್ಮ ಕಟ್ಟಡದ ಹಿಂದಿನ ಅಂಗಳಕ್ಕೆ ತರುತ್ತಾರೆಂಬ ಸುಳಿವು ಸಿಕ್ಕಿದ್ದೇ ತಡ, ಇಬ್ಬರೂ ಹೊರಟಿದ್ದರು. ಭಾವ ಕಾಲುವೆ ಕಡೆಯ ಮರ ಹತ್ತಿದ. ಬಾಮೈದ ಎದುರು ದಿಕ್ಕಿನ ಗೋದಾಮಿನ ತಾರಸಿಯಲ್ಲಿ ಬೋರಲು ಮಲಗಿದ. ಒಬ್ಬ ಕಾವಲಿನವರ ಕೈಗೆ ಸಿಕ್ಕರೆ ಇನ್ನೊಬ್ಬನಿಗಾದರೂ ಫೋಟೊ ಸಿಗಲಿ ಎಂಬ ಲೆಕ್ಕ. ಬೆಳ್ಳಿ ಬಣ್ಣದ ಕಾರು ಬಂತು. ಮೂತಿಗೂ ಬಾಲಕ್ಕೂ ಮುಸುಕು, ನಡು ಮಾತ್ರ ಬಯಲು. ಕಂಪನಿಯ ದೊಡ್ಡವರು ಗಾಣದೆತ್ತಿನ ಹಾಗೆ ಸುತ್ತಿದರು. ಆಚೆ ನಿಂತು ತಲೆದೂಗಿದರು, ಈಚೆ ಬಂದು ತಲೆ ಕೆರೆದುಕೊಂಡರು. ಆಮೇಲೆ ಆಳುಗಳು ಅದನ್ನು ಒಳಕ್ಕೆ ತಳ್ಳಿಕೊಂಡು ಹೋದರು.

ಭಾವನ ಫೋಟೊದಲ್ಲಿ ಕಿವಿರು ಕಣ್ಣಿಗೆ ಹೊಡೆಯುವಂತಿತ್ತು. ಮನೆ ಮುಟ್ಟುವವರೆಗೂ ತಡೆಯದೆ ದಾರಿಯಿಂದಲೇ ಚಾನೆಲ್‌ಗೆ ಹಾಕಿದ: ‘ಕಿವಿರು ಉಳೀತು!’ ಅಷ್ಟರಲ್ಲಿ ಬಾಮೈದ ತನ್ನ ಹೆಸರಿನಲ್ಲಿ ಇನ್ನೊಂದು ಫೋಟೊ ಬಿಟ್ಟಾಗಿತ್ತು. ಅದರಲ್ಲಿ ಪಕ್ಕೆ ತೊಳೆದಿಟ್ಟ ತಟ್ಟೆಯ ಹಾಗೆ ನುಣ್ಣಗೆ.

“ಒಂದೇ ಕಾರು, ಒಂದೇ ಗಳಿಗೆ,” ಎಂದು ಭಾವ ಮನೆಗೆ ಬಂದವನೇ ಹಾರಾಡಿದ್ದ. “ನನಗೆ ಕಂಡ ಕಿವಿರು ನಿನ್ನ ಕಣ್ಣಿಗೆ ಮಾತ್ರ ಮಾಯವಾಯ್ತಾ? ಸ್ವಂತ ಚಾನೆಲ್ ಶುರು ಮಾಡೋ ಆಸೆ ಇದ್ರೆ ಬಾಯಿಬಿಟ್ಟು ಹೇಳಬೇಕಿತ್ತು.”

“ನಿಮ್ಮ ಫೋಟೊಗೆ ಕಿವಿರು ಎಲ್ಲಿಂದ ಬಂತು ಅಂತ ನಾನೂ ಕೇಳಬಹುದಲ್ಲ? ಎಷ್ಟಾದ್ರೂ ಬಣ್ಣ ಹೊಡೆದ ಕೈ.”

ಚೀಲ ಹಾರಿದ್ದು ಆ ಮಾತಿಗೆ.

ಹೆಂಡತಿ ಬಾಗಿಲಿಗೆ ಬಂದಳು. “ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದೀರಿ. ಯಾರು ರೀ?”

“ಇವನ ಫೋಟೊ ನಿಜ ಅಂತಾದ್ರೆ ಈ ಮನೆ ಬಿಟ್ಟು ಹೋಗೋನು ನಾನು. ಸಾಕಾ?”

“ಅಕ್ಕ, ನೀನಾದ್ರೂ ನಂಬೇ,” ಎಂದ ತಮ್ಮ.

ಅವಳು ಗಂಡನ ಮುಖವನ್ನೇ ನೋಡಿದಳು. ಅಲ್ಲಿ ಸುಳ್ಳಿನ ಎಳೆಯೂ ಕಾಣಲಿಲ್ಲ. ಬಾಗಿಲು ಹಾಕಿದ್ದು ಅವಳೇ.

ಭಾವ ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ಬಾಮೈದನ ಮುಖವನ್ನು ಚಾನೆಲ್‌ನಲ್ಲಿ ತೋರಿಸಿ, “ಚೆನ್ನಾಗಿ ನೋಡ್ಕೊಳ್ಳಿ, ಈ ಮಹಾನುಭಾವರ ಕೈಗೆ ಯಾರೂ ಕ್ಯಾಮೆರಾ ಕೊಡಬೇಡಿ,” ಎಂದ. ಅಭಿಮಾನಿಗಳು ಮುಗಿಬಿದ್ದರು. ಕಿವಿರು ನುಂಗಿದವನು ಎಂದು ಅವನಿಗೆ ಅಡ್ಡಹೆಸರು ಬಿತ್ತು. ಕೆಲಸಕ್ಕೆ ಬಾ ಎಂದಿದ್ದ ಪತ್ರಿಕೆಯವರು, ಫೋಟೊ ತಿದ್ದುವವನು ನಮಗೆ ಬೇಡ ಎಂದುಬಿಟ್ಟರು. ಕ್ಯಾಮೆರಾ ಮಾರಿದನಂತೆ, ಊರು ಬಿಟ್ಟನಂತೆ ಎಂಬ ಮಾತು ಬಂತು.

“ಮಾಡಿದ್ದುಣ್ಣೋ ಮಹರಾಯ,” ಎಂದ ಭಾವ. ಹೆಂಡತಿ ಆಗಾಗ ತಮ್ಮನಿಗೆಂದು ಫೋನ್ ಎತ್ತಿಕೊಳ್ಳುವಳು. ಗಂಡನ ಕಣ್ಣು ಬಿದ್ದರೆ ಕೆಳಗಿಡುವಳು. “ಸುಳ್ಳ ಅಂತ ನೀನೇ ಒಪ್ಕೊಂಡು ಬಾಗಿಲು ಹಾಕ್ದೋಳು. ಈಗೇನು ಕರುಳು?” ಎಂದು ಅವನು ಕುಟುಕುವನು.

ಕೊನೆಗೆ ಕಾರು ಬಿಡುಗಡೆಯಾಯಿತು. ದೊಡ್ಡ ಸಭಾಂಗಣ, ಕಣ್ಣು ಕುಕ್ಕುವ ದೀಪ. ಗಂಡಹೆಂಡತಿ ಇಬ್ಬರಿಗೂ ಆಹ್ವಾನ. ಪರದೆ ಸರಿಯಿತು.

ಕಿವಿರು ಇತ್ತು.

ಜನ ಕುಣಿದರು. “ಭಾವ! ಭಾವ!” ಎಂದು ಬೆನ್ನು ತಟ್ಟಿದರು. ಭಾವನಿಗೆ ಆನೆ ಮೇಲೆ ಕೂತಷ್ಟು ಖುಷಿ. ಹೆಂಡತಿಯತ್ತ ತಿರುಗಿ, “ನೋಡಿದೆಯಾ ನಿನ್ನ ತಮ್ಮನ ಬಂಡವಾಳ?” ಎಂದ. ಅವಳು ಹೌದೆಂದು ತಲೆಯಾಡಿಸಿದಳು. ಬಾಗಿಲು ಹಾಕಿದ ಮೇಲೆ ಮೊದಲ ಸಲ ಅವಳ ಮುಖ ಹಗುರಾಗಿತ್ತು. ತಪ್ಪು ಮಾಡಿಲ್ಲ ಎಂಬ ಸಮಾಧಾನ.

ಅಷ್ಟರಲ್ಲಿ ಕಾರಿನ ವಿನ್ಯಾಸ ಮಾಡಿದ ತಂಡದ ಮುಖ್ಯಸ್ಥೆ ತಾವಾಗಿಯೇ ಹತ್ತಿರ ಬಂದರು. “ಮರ ಹತ್ತಿದ ಭಾವ ನೀವೇನಾ? ನಮ್ಮ ನಿದ್ದೆ ಕೆಡಿಸಿದ್ರಲ್ಲ ಮಾರಾಯರೇ,” ಎಂದು ನಕ್ಕರು.

“ನನ್ನ ಬಿಡಿ ಮೇಡಂ,” ಎಂದ ಭಾವ. ಸುತ್ತ ನಿಂತವರಿಗೂ ಕೇಳಲೆಂದು ದನಿ ಏರಿಸಿದ. “ನಮ್ಮನೆಯಲ್ಲೇ ಒಬ್ಬ ಇದ್ದ, ಇವಳ ತಮ್ಮ. ಕಿವಿರು ಅಳಿಸಿ ಸುಳ್ಳು ಫೋಟೊ ಬಿಟ್ಟಿದ್ದು ಅವನೇ. ಇನ್ನೆಲ್ಲೂ ಕೆಲಸ ಸಿಗದ ಹಾಗೆ ಮಾಡಿ ಓಡಿಸಿದ್ವಿ.”

ಅವರ ನಗು ನಿಂತಿತು. ಭಾವನನ್ನೂ ಅವನ ಹೆಂಡತಿಯನ್ನೂ ಬದಲಿಸಿ ಬದಲಿಸಿ ನೋಡಿದರು.

“ಅವತ್ತು ಅಂಗಳಕ್ಕೆ ತಂದಿದ್ದು ನಿಜವಾದ ಕಾರಲ್ಲ, ಬಣ್ಣ ಬಳಿದ ಮಣ್ಣಿನ ಮಾದರಿ ಕಣ್ರೀ. ಯಾವುದು ಚೆನ್ನ ಅಂತ ತೀರ್ಮಾನ ಮಾಡೋಕೆ ಒಂದು ಪಕ್ಕೆಗೆ ಕಿವಿರು ಇಟ್ಟು, ಇನ್ನೊಂದು ಪಕ್ಕೆ ನುಣ್ಣಗೆ ಬಿಟ್ಟಿದ್ವಿ. ನಿಮ್ಮ ಬಾಮೈದ ನಿಮ್ಮ ಎದುರುಗಡೆ ಇದ್ರಾ?”