ಅಲೆಯಲ್ಲಿ ಮನುಷ್ಯರ ಪಾಲು

ಇವತ್ತೂ ಅಲೆ ನಮ್ಮ ಅಡುಗೆಮನೆಗೆ ನುಗ್ಗಿತು. ಕಡಲು ಅಳೆಯುವ ಸಾಹೇಬರು ಎಂದಿನಂತೆ ಬಂದು, ಒಲೆಯ ಬಳಿ ನಿಂತ ನೀರಿಗೆ ಮೀಟರ್ ಅದ್ದಿದರು. ಅಲೆಯಲ್ಲಿ ಮನುಷ್ಯರ ಪಾಲು, ಅಂದರೆ ಮನುಷ್ಯರ ಕೆಲಸದಿಂದ ಉಕ್ಕಿದ್ದು, ಅರ್ಧ ದಾಟಿದರೆ ಸರ್ಕಾರ ತಡೆಗೋಡೆ ಕಟ್ಟುತ್ತದೆ. ದಾಟದಿದ್ದರೆ ಅದು ಪ್ರಕೃತಿ, ನಾವು ಮನೆ ಬಿಡಬೇಕು.

"ಸರಿಯಾಗಿ ಅರ್ಧ. ದಾಟಲಿಲ್ಲ," ಎಂದರು.

"ಮುಳುಗೂಕೆ ಅರ್ಧ ಸಾಕಲ್ದಾ ಸಾಹೇಬ್ರೆ!" ಎಂದು ಕಿರುಚಿದೆ.

"ಸುಮ್ನಿರಾ ಜಟ್ಟಿ," ಎಂದ ಅವ್ವಿ, ನೂಲಹುಣ್ಣಿಮೆಗೆ ಕಡಲಿಗೆ ಇಡಿಯಾಗಿ ಬಿಡಲು ಇಟ್ಟಿದ್ದ ತೆಂಗಿನಕಾಯಿ ತಂದು ಒಡೆದಳು. ಒಂದು ಹೋಳನ್ನು ಬಾಗಿಲಾಚೆಯ ನೀರಿಗೆ ಬಿಟ್ಟು ಕೈಮುಗಿದಳು. ಇನ್ನೊಂದನ್ನು ಸಾಹೇಬರ ಕೈಗಿಟ್ಟು ಅವರಿಗೂ ಕೈಮುಗಿದಳು.

"ಇದೆಂತಕ್ಕೆ?" ಎಂದರು ಅವರು.

"ಅರ್ಧ ಕಡಲು ನೀವೇ ಅಲ್ದಾ? ನಮ್ಮನೆ ಒಂದ್ ಬಿಟ್ಬಿಡಿ ತಂದೆ."