ಈ ಏಟು ಯಾರದು?

ನನ್ನ ಹತ್ತಿರ ಒಂಬತ್ತು ಜನರ ದನಿಗಳಿವೆ. ಇದನ್ನು ಮಾತ್ರ ಸ್ವಂತ ದನಿಯಲ್ಲಿ ಹೇಳುತ್ತಿದ್ದೇನೆ, ಹಾಗಾಗಿ ನಿಜ.

ಕಾಲೇಜಿನ ವೇದಿಕೆಯಲ್ಲಿ ಎಸ್‌ಪಿ ಸಾಹೇಬರ ಮಿಮಿಕ್ರಿ ಮಾಡಿದ್ದಕ್ಕೆ ನಾನು ಲಾಕಪ್ಪಿನಲ್ಲಿದ್ದೆ. ಹೆಡ್ ಕಾನ್‌ಸ್ಟೇಬಲ್ ಓಬಳೇಶಪ್ಪ ಲಾಠಿ ಎತ್ತಿದರು. ಹೊಡೆದರೂ ಕೇಸಿಲ್ಲ ಎಂಬ ಪೊಲೀಸರ ವಿನಾಯಿತಿ ರದ್ದಾದ ಮೇಲೆ ಎಲ್ಲ ಲಾಠಿಗಳೂ ಕೇಳುವಂತೆ ಅದೂ ಕೇಳಿತು: "ಈ ಏಟು ಯಾರದು? ಹೆಸರು ಹೇಳಿ. ಕೋರ್ಟಿಗೆ ನೀವೇ ಬರಬೇಕು." ಅವರು ಎಂದಿನಂತೆ ಅದನ್ನು ಮೂಲೆಗಿಟ್ಟು, ನನಗೂ ಚಹಾ ಕೊಟ್ಟು, ಹೊರಗೆ ವೈರ್‌ಲೆಸ್ ಇದ್ದ ಮೇಜಿಗೆ ಹೋದರು.

ಸುಮ್ಮನಿರಲಾರದೆ ನಾನು ಒಳಗಿನಿಂದಲೇ ಸಾಹೇಬರ ದನಿಯಲ್ಲಿ "ಓಬಳೇಶಪ್ಪಾ!" ಎಂದೆ. ಅವರು ಎದ್ದು ವೈರ್‌ಲೆಸ್ಸಿಗೆ ಸೆಲ್ಯೂಟ್ ಹೊಡೆದರು. ಆಮೇಲೆ ನನ್ನನ್ನು ಬೈದರು.

ಹತ್ತು ನಿಮಿಷಕ್ಕೆ ಮತ್ತೆ ಅದೇ ದನಿ: "ಓಬಳೇಶಪ್ಪಾ, ಅವನ ಮಂಡಿ ಮುರಿ. ಮುಂದಿನದು ನಾನು ನೋಡ್ಕೋತೀನಿ."

"ನೀನೇ ಬಂದು ಮುರಿಯೋ! ಲಾಠಿ ಇಲ್ಲೇ ಇದೆ, ನಿನ್ನ ಹೆಸರು ಹೇಳಿ ಹೊಡಿ!" ಓಬಳೇಶಪ್ಪ ನನ್ನ ಕಡೆ ತಿರುಗಿ ಕೂಗಿದರು; ಕೈ ಮಾತ್ರ ವೈರ್‌ಲೆಸ್ಸಿನ ಮಾತಿನ ಗುಂಡಿಯ ಮೇಲಿತ್ತು.

"ಸಾರ್," ಎಂದೆ, "ಈ ಸಲ ನಾನಲ್ಲ."

ಓಬಳೇಶಪ್ಪ ಗುಂಡಿಯಿಂದ ಕೈ ತೆಗೆದರು. ಮೂವತ್ತು ವರ್ಷದ ನೌಕರಿ. ವೈರ್‌ಲೆಸ್ ಬಹಳ ಹೊತ್ತು ಗೊರಗುಟ್ಟಿ, ಕೊನೆಗೆ ಕೆಮ್ಮಿತು: "ಅವನನ್ನ ಮನೆಗೆ ಕಳಿಸಿ."

ನಾನು ನಕ್ಕೆ. ಅವರು ನನಗಿಂತ ಜೋರಾಗಿ ನಕ್ಕರು. ಎಷ್ಟು ಜೋರೆಂದರೆ, ಮೂಲೆಯ ಲಾಠಿ ಎಚ್ಚರಗೊಂಡು ಕೇಳಿತು: "ಈ ನಗು ಯಾರದು?"

"ಓಬಳೇಶಪ್ಪ, ತಂದೆ ಬೋರಯ್ಯ," ಎಂದರು ಕಣ್ಣೊರೆಸಿಕೊಳ್ಳುತ್ತಾ. "ಕೋರ್ಟಿಗೆ ನಾನೇ ಬರ್ತೀನಿ, ಬರ್ಕೋ."