ಮುಂದಿನ ಸೈಕಲ್

"ಗುಂಡಿ ಇದೆ, ಎಡಕ್ಕೆ ಬನ್ನಿ!" ಮುಂದಿನ ಸೈಕಲ್ಲಿನಿಂದ ಮಾವ ಕೂಗಿದರು. ಹಿಂದಿದ್ದವರೆಲ್ಲ ಸಾಲಾಗಿ ಎಡಕ್ಕೆ ವಾಲಿದರು. ಅವರ ಬೆನ್ನಿಗೇ ಇದ್ದ ಸೊಸೆ ಮಾತ್ರ ರಸ್ತೆಯನ್ನು ದಿಟ್ಟಿಸಿದಳು. ಅಲ್ಲಿ ಗುಂಡಿಯೇ ಇರಲಿಲ್ಲ. ಹೋದ ವಾರವೇ ಅದಕ್ಕೆ ಡಾಂಬರು ಬಿದ್ದಿತ್ತು.

ಬೇಸಿಗೆಯಲ್ಲಿ ಇಷ್ಟು ಹೊತ್ತಿಗೆ ಬೆಳಕು ಹರಿದಿರುತ್ತಿತ್ತು. ಈಗ ಹಗಲು ಮೊಟಕಾಗಿ ಅರ್ಧ ದಾರಿ ಕತ್ತಲಲ್ಲೇ ಸಾಗುತ್ತಿತ್ತು. ಮುಂಜಾನೆಯ ಈ ಸೈಕಲ್ ತಂಡ ಕಟ್ಟಿದವರು ಮಾವ. ಮುಂದಿನ ಜಾಗ ಅವರದೇ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಅವರು ರಸ್ತೆ ನೋಡಿ ಹೇಳುತ್ತಿಲ್ಲ, ನೆನಪಿನಿಂದ ಹೇಳುತ್ತಿದ್ದಾರೆ ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಇಳಿಜಾರು ಶುರುವಾಗಿತ್ತು. ಕೆಳಗೆ ದೀಪವಿಲ್ಲದ ಲಾರಿಯೊಂದು ನಿಂತಿತ್ತು. ಮಾವನ ಬೆರಳು ಬ್ರೇಕಿನ ಮೇಲಿತ್ತು, ಆದರೆ ಒತ್ತಲಿಲ್ಲ.

"ಮಾವಾ, ಬ್ರೇಕ್ ಹಿಡೀರಿ! ಲಾರಿ!"

ಟೈರು ಕಿರುಚಿತು. ಮುಂದಿನ ಚಕ್ರ ಲಾರಿಗೆ ಗೇಣು ದೂರದಲ್ಲಿ ನಿಂತಿತು. ಎಲ್ಲರೂ ಲಾರಿಯವನಿಗೆ ಹಿಡಿಶಾಪ ಹಾಕತೊಡಗಿದರು. "ನಿಮ್ಮ ಕಣ್ಣು ಚುರುಕಾಗಿದ್ದಕ್ಕೆ ಬಚಾವಾದ್ವಿ, ಸರ್," ಎಂದ ಮಾವನಿಗೆ, ಸೊಸೆಯ ಕೂಗು ಕೇಳಿಸದಷ್ಟು ಹಿಂದಿದ್ದ ತಂಡದ ದರ್ಜಿ. ಸೊಸೆ ಸೈಕಲ್ಲಿನಿಂದ ಇಳಿದು ಮಾವನ ಪಕ್ಕಕ್ಕೆ ಬಂದಳು. ಕಾಯಬೇಕಾದದ್ದು ಅವರ ಮಾನವನ್ನೋ, ಜೀವವನ್ನೋ? ಅವಳು ಬಾಯಿ ತೆರೆಯುವ ಮೊದಲೇ ಮಾವ ಕೈ ಚಾಚಿ, ಲಾರಿಯ ತಣ್ಣನೆಯ ಕಬ್ಬಿಣವನ್ನು ತಡವಿ ನೋಡಿದರು.

"ನಂಗೆ ಇದು ಕಾಣಿಸ್ಲೇ ಇಲ್ಲಪ್ಪ," ಎಂದರು ಎಲ್ಲರಿಗೂ ಕೇಳುವಂತೆ. "ಕತ್ತಲಲ್ಲಿ ಈಗೀಗ ಏನೂ ಕಾಣಿಸಲ್ಲ." ಸೈಕಲ್ಲನ್ನು ರಸ್ತೆಯಂಚಿಗೆ ಸರಿಸಿ ಸೊಸೆಗೆ ದಾರಿ ಬಿಟ್ಟರು. "ನೀನು ಮುಂದೆ ನಡಿಯಮ್ಮ. ನಾನು ಬೆಳಕು ಹರಿದ ಮೇಲೆ ಬರ್ತೀನಿ."